ಬೆಲ್ಲ ನಾಳೆ ಕಾಯಿಸಬಹುದು

ಹೋದ ತಿಂಗಳು ನಮ್ಮ ಪತ್ರಿಕೆಯ ಸಂಪಾದಕರು ಫೋನ್ ಮಾಡಿ, "ನೀವು ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು. ಮನೆಮಂದಿಯೆಲ್ಲ ಓದುವಂಥ ಒಂದು ವಿಜ್ಞಾನ ಲೇಖನ ಬರೆದುಕೊಡಿ" ಎಂದು ಕೇಳಿದರು. ಆಗಲಿ ಎಂದು ಒಪ್ಪಿಕೊಂಡೆ. ನಾನು ಕೆಲಸ ಮಾಡುವುದು ಸಕ್ಕರೆಯ ಅಣುಗಳ ಮೇಲೆ. ಅದನ್ನೇ ಸರಳವಾಗಿ ಹೇಳೋಣವೆಂದು ಕಾಗದ ಮುಂದಿಟ್ಟುಕೊಂಡು ಕುಳಿತೆ. ಎರಡು ವಾಕ್ಯ ಬರೆಯುವಷ್ಟರಲ್ಲಿ ಅಜ್ಜಿ ಬಂದು ಎದುರಿಗೆ ನಿಂತಳು. ನನಗೆ ಈ ಶಾಸ್ತ್ರದ ಮೊದಲ ಪಾಠ ಹೇಳಿದವಳು ಅವಳೇ. ಅವಳಿಗೆ ತನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ. ಆದ್ದರಿಂದ ಸಂಪಾದಕರಲ್ಲಿ ಕ್ಷಮೆ ಕೇಳಿ, ವಿಜ್ಞಾನದ ಬದಲು ಅಜ್ಜಿಯ ವಿಷಯ ಬರೆಯುತ್ತಿದ್ದೇನೆ. ನಡುವೆ ಸ್ವಲ್ಪ ವಿಜ್ಞಾನವೂ ಬಂದೀತು.

ಅಜ್ಜಿ ಎಂದರೆ ನನ್ನ ತಂದೆಯ ತಾಯಿ. ಊರು ಮಂಡ್ಯ ಜಿಲ್ಲೆಯ ಪಾಂಡವಪುರದ ಹತ್ತಿರದ ಒಂದು ಹಳ್ಳಿ. ಪಾಂಡವಪುರವನ್ನು ಅವಳು ಕೊನೆಯವರೆಗೂ ಹಳೆಯ ಹೆಸರಿನಿಂದ ಹಿರೋಡೆ ಎಂದೇ ಕರೆಯುತ್ತಿದ್ದಳು. ಯಾವಾಗ ಹುಟ್ಟಿದೆ ಅಜ್ಜಿ ಎಂದು ಕೇಳಿದರೆ, "ನಾಲೆಗೆ ನೀರು ಬಂದ ವರ್ಸ" ಎಂಬುದೇ ಉತ್ತರ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯಿಂದ ಇರ್ವಿನ್ ನಾಲೆಗೆ ನೀರು ಹರಿದದ್ದು 1930ರ ದಶಕದ ಮೊದಲ ವರ್ಷಗಳಲ್ಲಿ. ಅದಕ್ಕೇ ಮುಂದೆ ವಿಶ್ವೇಶ್ವರಯ್ಯ ನಾಲೆ ಎಂದು ಹೆಸರಾಯಿತು. ಪಾಸ್‌ಪೋರ್ಟ್ ಮಾಡಿಸುವಾಗ ಹುಟ್ಟಿದ ದಿನ ಬೇಕಾಗಿ ಬಂತು. ನಾವೆಲ್ಲ ಸೇರಿ ಲೆಕ್ಕ ಹಾಕಿ 1932ರ ಜೂನ್ 1 ಎಂದು ಬರೆಸಿದೆವು. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ ಎಂದು ನಾನು ಶಾಲೆಯಲ್ಲಿ ಕಲಿತು ಬಂದು ಹೇಳಿದಾಗ, "ಅಂಗಾರೆ ಜಿಲ್ಲೆ ನನ್ಗಿಂತ ಚಿಕ್ದು" ಎಂದು ನಕ್ಕಿದ್ದಳು.

ನಾಲೆ ಬರುವ ಮೊದಲು ನಮ್ಮ ಕಡೆ ಮಳೆ ನಂಬಿದ ರಾಗಿ, ಹುರುಳಿ, ಜೋಳ. ನೀರು ಬಂದಮೇಲೆ ಭತ್ತ, ಕಬ್ಬು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಆಯಿತು. ಕಾರ್ಖಾನೆಗೆ ಕೊಡದೆ ಉಳಿಸಿಕೊಂಡ ಕಬ್ಬು ಊರೂರಿನ ಆಲೆಮನೆಗಳಲ್ಲಿ ಬೆಲ್ಲವಾಯಿತು. ಅಜ್ಜಿಯ ಜೀವನ ಈ ಕಬ್ಬಿನ ಜೊತೆಯಲ್ಲೇ ಬೆಳೆಯಿತು. ಹದಿನಾಲ್ಕಕ್ಕೆ ಮದುವೆ, ಮೂವರು ಗಂಡು, ಒಬ್ಬಳು ಹೆಣ್ಣು. 1966ರಲ್ಲಿ ತಾತ ತೀರಿಕೊಂಡಾಗ ಅವಳಿಗೆ ಮೂವತ್ತನಾಲ್ಕು. ಎರಡೂವರೆ ಎಕರೆ ಗದ್ದೆ, ಆಲೆಮನೆಯಲ್ಲಿ ಒಂದು ಪಾಲು, ಸ್ವಲ್ಪ ಸಾಲ ಉಳಿದಿತ್ತು. ಗದ್ದೆಯನ್ನು ಗುತ್ತಿಗೆಗೆ ಕೊಟ್ಟು ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗು ಎಂದು ಹಿರಿಯರು ಹೇಳಿದರಂತೆ. ಇವಳು ಹೋಗಲಿಲ್ಲ. ಸೀರೆ ಎತ್ತಿಕಟ್ಟಿ ಗದ್ದೆಗಿಳಿದಳು. ಮುಂದೆ ಐವತ್ತು ವರ್ಷ ಮೇಲೆ ಬರಲಿಲ್ಲ ಎನ್ನಬಹುದು.

ಅವಳು ಸುಮ್ಮನೆ ಕುಳಿತದ್ದನ್ನು ನಾನು ನೋಡಿಲ್ಲ. ಬೆಳಗ್ಗೆ ನಾಲ್ಕಕ್ಕೆ ಎದ್ದು ಕೊಟ್ಟಿಗೆ ಬಳಿದು, ಹಾಲು ಕರೆದು, ಸೊಪ್ಪು ಕುಯ್ದು ತಂದು, ನಾವು ಏಳುವ ಹೊತ್ತಿಗೆ ಒಲೆಯ ಮೇಲೆ ಮುದ್ದೆಯ ಹಿಟ್ಟು ಬೇಯುತ್ತಿತ್ತು. ಸಂಜೆ ಜಗುಲಿಗೆ ಬಂದರೂ ಕೈಯಲ್ಲಿ ಅವರೆಕಾಯಿಯ ಮೊರವೋ ಹುಣಿಸೆಹಣ್ಣಿನ ಬುಟ್ಟಿಯೋ ಇರಬೇಕು. ಒಂದು ಗಳಿಗೆ ಕೂತುಕೋ ಅಜ್ಜಿ ಎಂದರೆ, "ಕೂತ್ಕಂಡು ಏನ್ ಮಾಡಾನೆ?" ಎನ್ನುವಳು. ಆ ಪ್ರಶ್ನೆಗೆ ನಮ್ಮಲ್ಲಿ ಯಾರಲ್ಲೂ ಉತ್ತರವಿರಲಿಲ್ಲ.

ನಮ್ಮ ತಂದೆ ಮಂಡ್ಯದಲ್ಲಿ ಶಾಲಾ ಮಾಸ್ತರರಾಗಿದ್ದರು. ರಜ ಬಂತೆಂದರೆ ನಾನು ಅಜ್ಜಿಯ ಊರಿಗೆ, ಅಲ್ಲಿಂದ ನೇರ ಆಲೆಮನೆಗೆ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗಾಗಿ ಆಲೆಮನೆಯ ವಿಷಯ ಎರಡು ಮಾತು ಹೇಳುತ್ತೇನೆ. ಗಾಣದಲ್ಲಿ ಕಬ್ಬು ಅರೆದು, ಬಂದ ಹಾಲನ್ನು ದೊಡ್ಡ ಕೊಪ್ಪರಿಗೆಗೆ ತುಂಬಿ, ಕಬ್ಬಿನ ಒಣಸಿಪ್ಪೆಯ ಉರಿಯಲ್ಲಿ ಗಂಟೆಗಟ್ಟಲೆ ಕಾಯಿಸುತ್ತಾರೆ. ಕಾದಂತೆ ಕೊಳೆ ನೊರೆಯಾಗಿ ಮೇಲೆ ಬರುತ್ತದೆ. ಅಜ್ಜಿ ಅದಕ್ಕೆ ಬೆಂಡೆಗಿಡದ ಕಾಂಡ ಜಜ್ಜಿ ನೆನೆಸಿದ ಲೋಳೆ ಹಾಕುವಳು. ಚೂರೇ ಚೂರು ಸುಣ್ಣದ ತಿಳಿ ಬಿಡುವಳು. ಲೋಳೆ ಹಾಲಿನಲ್ಲಿ ತೇಲುವ ಕಲ್ಮಶವನ್ನು ಹಿಡಿದು ಮೇಲಕ್ಕೆ ತರುತ್ತದೆ. ಸುಣ್ಣದ ಗುಟ್ಟು ನನಗೆ ತಿಳಿದದ್ದು ಕಾಲೇಜಿಗೆ ಹೋದಮೇಲೆ. ಕಬ್ಬಿನ ಹಾಲು ಸ್ವಲ್ಪ ಆಮ್ಲೀಯ. ಆಮ್ಲದಲ್ಲಿ ಸಕ್ಕರೆಯನ್ನು ಕಾಯಿಸಿದರೆ ಅದು ಗ್ಲುಕೋಸ್, ಫ್ರಕ್ಟೋಸ್ ಎಂದು ಎರಡಾಗಿ ಒಡೆಯುತ್ತದೆ. ಹಾಗೆ ಹೆಚ್ಚು ಒಡೆದರೆ ಬೆಲ್ಲ ಗಟ್ಟಿಯಾಗದೆ ಅಂಟಂಟಾಗುತ್ತದೆ. ಸುಣ್ಣ ಆ ಆಮ್ಲವನ್ನು ತಗ್ಗಿಸುತ್ತದೆ. ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಎಷ್ಟು ಹಾಕಬೇಕೆಂದು ಅಜ್ಜಿ ಹಾಲಿನ ಬಣ್ಣ ನೋಡಿ ಹೇಳುತ್ತಿದ್ದಳು.

ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಹದ. ಪಾಕ ಬಂದಾಗ ಕೊಪ್ಪರಿಗೆ ಇಳಿಸಲೇಬೇಕು. ಅರ್ಧ ನಿಮಿಷ ಮೊದಲಾದರೆ ಬೆಲ್ಲ ಕಟ್ಟುವುದಿಲ್ಲ, ಅರ್ಧ ನಿಮಿಷ ತಡವಾದರೆ ಸೀದುಹೋಗುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಮಾತನಾಡಿಸಿದರೆ ಅಜ್ಜಿ ತಿರುಗಿಯೂ ನೋಡುತ್ತಿರಲಿಲ್ಲ. "ಪಾಕ ಯಾರ್ಗೂ ಕಾಯಾಕಿಲ್ಲ" ಎಂಬುದು ಅವಳ ಗಾದೆ. ಶಾಲೆಯ ಪರೀಕ್ಷೆಗೂ ಬಸ್ಸಿಗೂ ಮದುವೆಯ ಮುಹೂರ್ತಕ್ಕೂ ಅದನ್ನೇ ಹೇಳುತ್ತಿದ್ದಳು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುವಾಗ ಒಮ್ಮೆ ಪ್ರಯೋಗಶಾಲೆಯಿಂದ ಉಷ್ಣಮಾಪಕ ಬೇಡಿ ತಂದು ಅವಳ ಕೊಪ್ಪರಿಗೆಗೆ ಅದ್ದಿದೆ. ಅವಳು ತಣ್ಣೀರಿಗೆ ಒಂದು ತೊಟ್ಟು ಪಾಕ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, "ಇಳಿಸ್ರಲಾ" ಎಂದಾಗ ಪಾದರಸ 118 ಡಿಗ್ರಿಯಲ್ಲಿತ್ತು. ಎರಡನೆಯ ಕೊಪ್ಪರಿಗೆಗೂ 118. ಇದಕ್ಕೇಕೆ ತಣ್ಣೀರು, ಬೆರಳು ಎಂದು ನನಗೆ ಸ್ವಲ್ಪ ಹೆಮ್ಮೆಯೇ ಆಯಿತು. ಮೂರನೆಯದನ್ನು ಅವಳು 116ಕ್ಕೇ ಇಳಿಸಿದಳು. "ಇನ್ನೂ ಆಗಿಲ್ಲ ಅಜ್ಜಿ!" ಎಂದೆ. "ಇದು ಕೂಳೆ ಕಬ್ಬು ಕಣವ್ವ. ನಿನ್ ಗಾಜಿನ ಕಡ್ಡೀಗೆ ಅದು ಗೊತ್ತಾ?" ಎಂದಳು. ಬೆಲ್ಲ ಮೂರರದ್ದೂ ಒಂದೇ ಸಮ ಬಂತು. ಪ್ರಯೋಗಶಾಲೆಯಲ್ಲಿ ಯಂತ್ರ ಒಂದು ಅಂಕಿ ತೋರಿಸಿದ ಕೂಡಲೇ ನಂಬುವ ಕಿರಿಯರಿಗೆ ಈ ಕಥೆಯನ್ನು ನಾನು ಈಗಲೂ ಹೇಳುತ್ತೇನೆ.

ಬಿಳಿಚಿದ ಹಳದಿ ಬೆಲ್ಲಕ್ಕೆ ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆ ಸಿಗತೊಡಗಿದಾಗ ಆಲೆಮನೆಗಳಿಗೆ ಹೈಡ್ರೋಸ್ ಎಂಬ ಪುಡಿ ಬಂತು. ಅದು ಬಣ್ಣ ತೆಗೆಯುವ ಗಂಧಕದ ಸಂಯುಕ್ತ, ಬಟ್ಟೆಯ ಕಾರ್ಖಾನೆಗಳಲ್ಲಿ ಬಳಸುವಂಥದು. ಅದರ ಗುಣವನ್ನೆಲ್ಲ ನಾನು ಅಜ್ಜಿಗೆ ವಿವರಿಸಲು ಹೊರಟರೆ ಅವಳು ಅರ್ಧಕ್ಕೇ ತಡೆದು, "ಬಟ್ಟೆ ಒಗಿಯೋದ್ನ ಕೂಸ್ಗೊಳು ತಿನ್ನೋ ಬೆಲ್ಲಕ್ಕೆ ಹಾಕ್ತಾರಾ?" ಎಂದು ಮಾತು ಮುಗಿಸಿದಳು. ಅವಳ ಬೆಲ್ಲ ಕಂದಾಗಿಯೇ ಉಳಿಯಿತು. ಕಡಿಮೆ ಬೆಲೆಗೇ ಹೋಯಿತು. ಆ ದುಡ್ಡಿನಲ್ಲೇ ನನ್ನ ಹಾಸ್ಟೆಲ್ಲಿನ ಶುಲ್ಕ ಕಟ್ಟಿದಳು. ಬಿ.ಎಸ್ಸಿ. ಆದಮೇಲೆ ಮದುವೆ ಮಾಡಿಬಿಡೋಣವೆಂದು ಚಿಕ್ಕಪ್ಪ ಮಾತೆತ್ತಿದಾಗ, "ಅದು ಓದ್ಲಿ. ಪಾಕ ಬಂದಾಗ ನಾನೇ ಹೇಳ್ತೀನಿ" ಎಂದವಳೂ ಅವಳೇ.

ಇಲ್ಲಿ ಒಂದು ಹಳೆಯ ಘಟನೆಯನ್ನು ಹೇಳಬೇಕು. ನನಗಾಗ ಎಂಟು ವರ್ಷ. ಆಲೆಮನೆಯ ಹಿಂದೆ ಒಣಸಿಪ್ಪೆಯ ರಾಶಿಯ ಮೇಲೆ ಆಡುತ್ತಿದ್ದಾಗ ಚೇಳು ಕಡಿಯಿತು. ನನ್ನ ಕೂಗು ಕೇಳಿದಾಗ ಅಜ್ಜಿಯ ಮುಂದೆ ತುಂಬಿದ ಕೊಪ್ಪರಿಗೆ. ಪಾಕ ಇನ್ನೇನು ಬರುವುದರಲ್ಲಿತ್ತು. ಅವಳು ಸೌಟನ್ನು ಅಲ್ಲೇ ಬಿಸಾಡಿ ನನ್ನನ್ನು ಎತ್ತಿಕೊಂಡು ರಸ್ತೆಗೆ ಓಡಿದಳು. ಯಾರದೋ ಕಬ್ಬಿನ ಟ್ರ್ಯಾಕ್ಟರ್ ನಿಲ್ಲಿಸಿ ಪಟ್ಟಣದ ಆಸ್ಪತ್ರೆಗೆ ಒಯ್ದಳು. ಮರುದಿನ ಹಿಂತಿರುಗಿ ಬಂದಾಗ ಕೊಪ್ಪರಿಗೆಯ ತಳದಲ್ಲಿ ಕರಿಕಲ್ಲಿನಂತೆ ಸೀದ ಬೆಲ್ಲ. ಅದನ್ನು ಉಳಿಯಿಟ್ಟು ಕೆತ್ತಿ ತೆಗೆಯಬೇಕಾಯಿತು. ಪಾಲುದಾರರೊಬ್ಬರು, "ಒಂದು ಗಳಿಗೆ ತಡೆದಿದ್ದರೆ ಇಳಿಸಿಯೇ ಹೋಗಬಹುದಿತ್ತಲ್ಲವ್ವ" ಎಂದು ಗೊಣಗಿದರು. ಅಜ್ಜಿ ಹೇಳಿದ ಮಾತು ನನಗೆ ಇಂದಿಗೂ ಕಿವಿಯಲ್ಲಿದೆ: "ಬೆಲ್ಲ ನಾಳೀಕೆ ಕಾಯ್ಸಬೌದು. ಕೂಸ್ನ ಕಾಯ್ಸಾಕಾಯ್ತದಾ?"

ನಾನು ಓದು ಮುಗಿಸಿ, ವಿದ್ಯಾರ್ಥಿವೇತನ ಸಿಕ್ಕಿ ಮೆಲ್ಬರ್ನಿಗೆ ಬಂದು, ಡಾಕ್ಟರೇಟ್ ಪಡೆದು, ಕೆಲಸದ ಮೇಲೆ ಸಿಡ್ನಿಗೆ ಬಂದು ಪ್ಯಾರಮಟ್ಟಾದಲ್ಲಿ ಬಾಡಿಗೆ ಮನೆ ಹಿಡಿದೆ. 2017ರ ಜನವರಿಯಲ್ಲಿ ನನ್ನ ತಂದೆತಾಯಿಯ ಜೊತೆ ಅಜ್ಜಿಯೂ ಬಂದಳು. ಪಾಸ್‌ಪೋರ್ಟಿನ ಲೆಕ್ಕದಲ್ಲಿ ಎಂಬತ್ತನಾಲ್ಕು ವರ್ಷ. ವಿಮಾನ ನಿಲ್ದಾಣದಲ್ಲಿ ಅವಳ ಸೆರಗಿನ ಗಂಟಿನಲ್ಲಿ ಒಂದು ಹಿಡಿ ಅವರೆಬೀಜ ಸಿಕ್ಕಿತು. ಈ ದೇಶಕ್ಕೆ ಬೀಜ ತರುವಂತಿಲ್ಲವೆಂದು ಅಧಿಕಾರಿ ಸೌಜನ್ಯದಿಂದಲೇ ಹೇಳಿ ತೆಗೆದುಕೊಂಡರು. ಅಜ್ಜಿ ದಾರಿಯುದ್ದಕ್ಕೂ ಮಾತನಾಡಲಿಲ್ಲ. ಮನೆಗೆ ಬಂದು ಹಿತ್ತಲಿನ ಹಸಿರು ಹುಲ್ಲು ನೋಡಿದಮೇಲೆ ಬಾಯಿ ಬಿಟ್ಟಳು: "ಇಷ್ಟ್ ಹುಲ್ ಬೆಳ್ಸಿದೀಯ, ಒಂದು ಹಸಾನೂ ಕಟ್ಟಿಲ್ವಲ್ಲವ್ವ!" ಮರುವಾರ ನನ್ನ ಯಜಮಾನರು ಆ ಹುಲ್ಲು ಕತ್ತರಿಸಿ ಕಸದ ಡಬ್ಬಿಗೆ ತುಂಬುವುದನ್ನು ಕಂಡು ಅವಳಿಗೆ ನಿಜವಾಗಿ ಸಂಕಟವಾಯಿತು.

ಹದಿನೈದು ದಿನದಲ್ಲಿ ಬೇಲಿಯ ಪಕ್ಕದ ಹುಲ್ಲೆಲ್ಲ ಕಿತ್ತು ಪಾತಿಯಾಯಿತು. ಬೀಜಕ್ಕೇನು ಮಾಡುವುದು? ಹುಡುಕಿದಾಗ ತಿಳಿಯಿತು, ಆಸ್ಟ್ರೇಲಿಯದಲ್ಲಿ ಅವರೆ ಇದೆ, ಆದರೆ ದನದ ಮೇವಾಗಿ! ಕೀನ್ಯದ ರೊಂಗೈ ಎಂಬ ಊರಿನ ಹೆಸರಿನ ತಳಿಯನ್ನು ಇಲ್ಲಿ ಹಲವು ದಶಕಗಳಿಂದ ಬೆಳೆಯುತ್ತಾರೆ. ರಿಚ್ಮಂಡ್ ಕಡೆಯ ಒಂದು ಮೇವಿನ ಅಂಗಡಿಯಲ್ಲಿ ಔಷಧ ಲೇಪಿಸದ ಬೀಜ ಒಂದು ಹಿಡಿ ಕೊಟ್ಟರು. ಅಜ್ಜಿ ಅಂಗೈ ಮೇಲೆ ಹರವಿ ನೋಡಿ, "ಅವರೇನೇಯ. ಸೊಗಡು ಒಸಿ ಕಮ್ಮಿ ಇದ್ದಾತು" ಎಂದಳು. ಅವರೆಯನ್ನು ಇಲ್ಲಿ ದನಕ್ಕೆ ಹಾಕುತ್ತಾರೆಂದು ಹೇಳಿದಾಗ, "ಪುಣ್ಯ ಮಾಡಿದ ದನಗೊಳು" ಎಂದಳು.

ಪಕ್ಕದ ಮನೆಯಲ್ಲಿ ಲೆಬನಾನಿನಿಂದ ಬಂದ ಒಬ್ಬ ವಯಸ್ಸಾದ ಹೆಂಗಸಿದ್ದಾರೆ. ಹ್ಯಾರಿಸ್ ಪಾರ್ಕ್, ಪ್ಯಾರಮಟ್ಟಾ ಕಡೆ ಅವರ ಜನ ಬಹಳ. ಅವರಿಗೆ ಅರಬ್ಬಿ, ಇವಳಿಗೆ ಕನ್ನಡ. ಬೇಲಿಯ ಆಚೆ ಈಚೆ ನಿಂತು ಇಬ್ಬರೂ ಗಂಟೆಗಟ್ಟಲೆ ಮಾತನಾಡುತ್ತಿದ್ದರು. ಅತ್ತಲಿಂದ ಪುದೀನ, ಇತ್ತಲಿಂದ ರಾಗಿರೊಟ್ಟಿ. ಏನು ಮಾತನಾಡಿದಿರಿ ಎಂದರೆ ಅಜ್ಜಿ, "ಅವುಳ್ಗೂ ನಾಕು ಮಕ್ಳಂತೆ, ಸೊಂಟ ನೋವಂತೆ" ಎಂದು ವರದಿ ಒಪ್ಪಿಸುವಳು. ವಿಚಾರಿಸಿದರೆ ಅದು ನಿಜವೇ ಆಗಿತ್ತು.

ಏಪ್ರಿಲಿನಲ್ಲಿ ಅವಳು ಹಿಂತಿರುಗಿದಾಗ ಬಳ್ಳಿ ಬೇಲಿ ತುಂಬಿತ್ತು, ಹೂವಿರಲಿಲ್ಲ. ಹಗಲು ಚಿಕ್ಕದಾಗುವವರೆಗೆ ಈ ಅವರೆ ಹೂ ಬಿಡುವುದಿಲ್ಲ. ನಮ್ಮೂರಲ್ಲಿ ಸಂಕ್ರಾಂತಿಯ ಸುಮಾರಿಗೆ ಬರುವ ಕಾಯಿ ಇಲ್ಲಿ ಜೂನಿನಲ್ಲಿ ಬಂತು. ಚಿತ್ರ ಕಳುಹಿಸಿದೆ. ತಂದೆಯ ಫೋನಿನಲ್ಲಿ ನೋಡಿ, "ಬೀಜಕ್ಕೆ ನಾಕು ಕಾಯಿ ಬುಡು, ಎಲ್ಲಾನೂ ತಿನ್ಬ್ಯಾಡ" ಎಂದು ಹೇಳಿ ಕಳುಹಿಸಿದಳು. ಅಂದಿನಿಂದ ಪ್ರತಿ ವರ್ಷ ಬಿಟ್ಟಿದ್ದೇನೆ.

2018ರಲ್ಲಿ ನನಗೆ ಮಗಳು ಹುಟ್ಟಿದಳು. 2020ರ ಸಂಕ್ರಾಂತಿಗೆ ಅವಳನ್ನು ಕರೆದುಕೊಂಡು ಊರಿಗೆ ಹೋಗಿ ಆಲೆಮನೆ ತೋರಿಸಬೇಕೆಂದು ನಿಶ್ಚಯಿಸಿದ್ದೆವು. ಡಿಸೆಂಬರಿನಲ್ಲಿ, ನಾನು ತಿಂಗಳುಗಟ್ಟಲೆ ಕಾಯುತ್ತಿದ್ದ ಒಂದು ಉಪಕರಣ ಜನವರಿಯಲ್ಲಿ ಮೂರು ವಾರ ನನ್ನ ಪಾಲಿಗೆ ಸಿಗುತ್ತದೆಂದು ತಿಳಿಯಿತು. ಅಜ್ಜಿಗೆ ಫೋನ್ ಮಾಡಿ, "ಏಪ್ರಿಲಿಗೆ ಬರ್ತೀನಿ ಅಜ್ಜಿ, ಕೆಲಸ ಬಂದುಬಿಟ್ಟಿದೆ" ಎಂದೆ. "ಆಗ್ಲಿ ಬುಡವ್ವ. ಕೆಲ್ಸ ಕೆಡ್ಸ್ಕಂಡು ಬರ್ಬ್ಯಾಡ" ಎಂದಳು. ಬೇಸರದ ದನಿಯೇನೂ ಇರಲಿಲ್ಲ. ಪಾಕ ಯಾರಿಗೂ ಕಾಯುವುದಿಲ್ಲವೆಂದು ಕಲಿಸಿದವಳೇ ಅವಳಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವಳ ಇನ್ನೊಂದು ಮಾತು ಆಗ ನೆನಪಿಗೆ ಬರಲಿಲ್ಲ.

ಮುಂದಿನದು ನಿಮಗೆಲ್ಲ ಗೊತ್ತು. 2020ರ ಮಾರ್ಚಿಯಲ್ಲಿ ಈ ದೇಶ ಗಡಿ ಮುಚ್ಚಿತು. ಅನುಮತಿಯಿಲ್ಲದೆ ನಾವು ಹೊರಗೆ ಹೋಗುವಂತಿರಲಿಲ್ಲ. 2021ರ ಏಪ್ರಿಲ್ 27ರಿಂದ ಭಾರತದ ನೇರ ವಿಮಾನಗಳು ನಿಂತವು. ಮೇ 3ರಿಂದ 15ರವರೆಗೆ, ಹಿಂದಿನ ಹದಿನಾಲ್ಕು ದಿನದಲ್ಲಿ ಭಾರತದಲ್ಲಿದ್ದವರು ಇಲ್ಲಿಗೆ ಬಂದರೆ ಐದು ವರ್ಷದವರೆಗೆ ಸೆರೆಮನೆ ಅಥವಾ 66,600 ಡಾಲರ್‌ವರೆಗೆ ದಂಡ ಎಂಬ ಆಜ್ಞೆಯೂ ಇತ್ತು. ಆ ದಿನಗಳಲ್ಲೇ ಅಜ್ಜಿ ಹೋದಳು. ಕೊರೋನ ಅಲ್ಲ, ವಯಸ್ಸು. ಹಿಂದಿನ ದಿನ ಸಂಜೆಯೂ ಸೊಪ್ಪು ಸೋಸಿದ್ದಳಂತೆ. ರಾತ್ರಿ ಮಲಗಿದವಳು ಬೆಳಗ್ಗೆ ನಾಲ್ಕಕ್ಕೆ ಏಳಲಿಲ್ಲ. ಏಳದಿದ್ದುದರಿಂದಲೇ ಮನೆಯವರಿಗೆ ಗೊತ್ತಾದದ್ದು. ಊರಿನಲ್ಲೂ ಲಾಕ್‌ಡೌನ್. ಸಾವಿರ ಜನ ಸೇರಬೇಕಾಗಿದ್ದ ಮಣ್ಣಿಗೆ ಬೆರಳೆಣಿಕೆಯ ಜನ. ನಾನು ಫೋನಿನ ಗಾಜಿನಲ್ಲಿ ನೋಡಿದೆ. ನಡುವೆ ಎರಡು ಸಲ ಚಿತ್ರ ನಿಂತುಹೋಯಿತು.

ಆಗ ಸಿಡ್ನಿಯಲ್ಲಿ ಎಲ್ಲ ಎಂದಿನಂತಿತ್ತು. ಕಿಟಕಿಯಾಚೆ ಜನ ಕಾಫಿ ಹಿಡಿದು ಓಡಾಡುತ್ತಿದ್ದರು. ನನ್ನ ಅಜ್ಜಿಯನ್ನು ಕಂಡವರು ಈ ಊರಿನಲ್ಲಿ ಮನೆಯವರನ್ನು ಬಿಟ್ಟರೆ ಒಬ್ಬರೇ. ಸಂಜೆ ಆ ಪಕ್ಕದ ಮನೆಯಾಕೆ ಕಪ್ಪು ಬಟ್ಟೆಯುಟ್ಟು ಕೈಯಲ್ಲಿ ಕಾಫಿಯ ಪಾತ್ರೆ ಹಿಡಿದು ಬಂದರು. ಸಾವಿನ ಮನೆಯಲ್ಲಿ ಸಕ್ಕರೆಯಿಲ್ಲದ ಕಾಫಿ ಕುಡಿಯುವುದು ಅವರ ಸಂಪ್ರದಾಯ. ಮಾತಿಲ್ಲದೆ ಇಬ್ಬರೂ ಕುಡಿದೆವು. ಹೋಗುವಾಗ ಹಿತ್ತಲಿಗೆ ಹೋಗಿ ಬಳ್ಳಿಯನ್ನು ಒಮ್ಮೆ ಮುಟ್ಟಿ ಹೋದರು. ಬಳ್ಳಿ ಹೂ ಬಿಟ್ಟಿತ್ತು.

ನಮ್ಮ ಕಡೆ ಹನ್ನೊಂದನೆಯ ದಿನ ತಿಥಿ. 2015ರ 'ತಿಥಿ' ಚಲನಚಿತ್ರ ನೋಡಿದವರಿಗೆ ಅದರ ಗದ್ದಲ ಗೊತ್ತು; ಅದು ನಮ್ಮ ಮಂಡ್ಯದ್ದೇ ಕಥೆ. ಪ್ಯಾರಮಟ್ಟಾದ ತಿಥಿಯಲ್ಲಿ ಗದ್ದಲವಿರಲಿಲ್ಲ. ಹ್ಯಾರಿಸ್ ಪಾರ್ಕಿನ ಅಂಗಡಿಯಿಂದ ರಾಗಿಹಿಟ್ಟು ತಂದು ಮುದ್ದೆ ಕಟ್ಟಿದೆ. ಹಿಂದಿನ ವರ್ಷ ಬೀಜಕ್ಕೆಂದು ಬಿಟ್ಟಿದ್ದ ಅವರೆಯಲ್ಲಿ ಒಂದು ಹಿಡಿ ತೆಗೆದು ಸಾರು ಮಾಡಿ ಎಡೆಯಿಟ್ಟೆ. ಬೀಜಕ್ಕೆ ಬಿಟ್ಟದ್ದನ್ನು ತಿನ್ನಬಾರದೆಂದು ಅವಳು ಬೈಯುತ್ತಿದ್ದಳೇನೋ. ಮಗಳು, "ಅಜ್ಜಿ ಯಾವಾಗ ಊಟ ಮಾಡ್ತಾರೆ?" ಎಂದು ಕೇಳಿದಳು. ಅಲ್ಲಿಯವರೆಗೆ ನಾನು ಅತ್ತಿರಲಿಲ್ಲ.

ಆ ಮೂರು ವಾರದ ಪ್ರಯೋಗ ಏನಾಯಿತೆಂದು ಕೇಳುವಿರಾ? ಒಳ್ಳೆಯ ಫಲಿತಾಂಶ ಬಂತು, ಪ್ರಬಂಧವೂ ಪ್ರಕಟವಾಯಿತು. ಅದರಲ್ಲಿ ಸುಳ್ಳೇನಿಲ್ಲ, ನಷ್ಟವೇನಿಲ್ಲ. ಆ ಉಪಕರಣ ನನಗೆ ಆಮೇಲೆ ಎರಡು ಸಲ ಸಿಕ್ಕಿತು. ಬೆಲ್ಲವನ್ನು ನಾಳೆ ಕಾಯಿಸಬಹುದಾಗಿತ್ತು. ನಾನು ಅಜ್ಜಿಯನ್ನು ಕಾಯಿಸಿದೆ. ಇಷ್ಟೇ ನಾನು ಬರೆಯಬೇಕೆಂದಿದ್ದುದು. ಐವತ್ತು ವರ್ಷ ಕೊಪ್ಪರಿಗೆಯ ಮುಂದಿನಿಂದ ಕದಲದವಳು, ಯಾವ ದಿನ ಅದನ್ನು ಬಿಟ್ಟು ಓಡಬೇಕೆಂಬುದನ್ನೂ ತಿಳಿದಿದ್ದಳು. ನಾನು ಅವಳಿಂದ ಅರ್ಧ ಪಾಠವನ್ನಷ್ಟೇ ಕಲಿತಿದ್ದೆ.

2022ರ ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದೆವು. ಆಲೆಮನೆ ಈಗ ಬೇರೆಯವರ ಕೈಯಲ್ಲಿದೆ. ಮಗಳಿಗೆ ಬಿಸಿಬೆಲ್ಲ ಕೊಟ್ಟರು. ಅಜ್ಜಿ ನಿಲ್ಲುತ್ತಿದ್ದ ಜಾಗ ತೋರಿಸಿದೆ. ಈಚೆಗೆ ನಮ್ಮ ತಂದೆಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಯಿತು. "ಸಣ್ಣದಮ್ಮ, ನೀನು ಬರಬೇಡ" ಎಂದರು. ಪ್ರಯೋಗವನ್ನು ಅರ್ಧಕ್ಕೆ ನಿಲ್ಲಿಸಿ ಹೋಗಿ ಬಂದೆ. ಮತ್ತೆ ಮೊದಲಿನಿಂದ ಮಾಡುತ್ತಿದ್ದೇನೆ.

ಈ ವರ್ಷದ ಬಳ್ಳಿಯಿಂದ ಬೀಜ ಧಾರಾಳವಾಗಿ ಬಂದಿದೆ. ಮುಂದಿನ ಕೂಟಕ್ಕೆ ಬರುವಾಗ ಸಣ್ಣ ಲಕೋಟೆಗಳಲ್ಲಿ ಹಾಕಿ ತರುತ್ತೇನೆ. ಬೇಕಾದವರು ಕೇಳಿ ತೆಗೆದುಕೊಳ್ಳಿ. ನವೆಂಬರಿನಲ್ಲಿ, ಬಿಸಿಲಿರುವ ಬೇಲಿಯ ಪಕ್ಕ ಹಾಕಿ. ಮೆಲ್ಬರ್ನಿನ ಚಳಿಗೆ ಈ ಬಳ್ಳಿ ತಡೆಯುವುದು ಕಷ್ಟ. ಅಲ್ಲಿಯ ಸದಸ್ಯರು ಗೋಡೆಯ ಮರೆಯಲ್ಲಿ ಪ್ರಯತ್ನಿಸಬಹುದು. ಒಣಗಿದ ಕಾಳನ್ನು ರಾತ್ರಿ ನೆನೆಸಿ, ಚೆನ್ನಾಗಿ ಬೇಯಿಸಿ, ಬೆಂದ ನೀರನ್ನು ಚೆಲ್ಲಿಯೇ ಸಾರು ಮಾಡಿ. ಅದರಲ್ಲಿ ಸ್ವಲ್ಪ ವಿಷದ ಅಂಶವಿರುತ್ತದೆ; ಇದು ರಸಾಯನಶಾಸ್ತ್ರದ ಮಾತು. ಬೀಜಕ್ಕೆ ನಾಲ್ಕು ಕಾಯಿ ಬಿಡಿ, ಎಲ್ಲವನ್ನೂ ತಿನ್ನಬೇಡಿ. ಇದು ಅಜ್ಜಿಯ ಮಾತು.